ಯಾರೂ ಕಡ ಕೇಳದ ತೋಟೆ

ಐದು ಜನ ಗಂಡಸರು ವಾಸಿಸುವ ಕೋಣೆಯಲ್ಲಿ ಮೊಬೈಲ್ ಚಾರ್ಜರ್ ಎಂಬುದು ಹರಿಯುವ ಹೊಳೆಯ ನೀರಿದ್ದ ಹಾಗೆ. ಅದು ನಿಮ್ಮದೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹಿಡಿದಿಟ್ಟುಕೊಳ್ಳಲು ಹೋದರೆ ಮಾತ್ರ ಕೈಗೆ ಸಿಗುವುದಿಲ್ಲ. ಕುವೈತಿನ ಅಬ್ಬಾಸಿಯಾದ ನಮ್ಮ ಕೋಣೆಯಲ್ಲಿ ನಾನು ದಿಂಬಿನ ಪಕ್ಕ ಸಿಕ್ಕಿಸಿ ಸ್ನಾನಕ್ಕೆ ಹೋದ ಚಾರ್ಜರ್, ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಎದುರು ಮಂಚದ ಬುಡದಲ್ಲಿ ಪರರ ಫೋನಿಗೆ ಪ್ರಾಣವಾಯು ಊಡುತ್ತಿರುತ್ತದೆ. ಹಿಂದೆ ಒಂದೊಂದು ಫೋನಿಗೆ ಒಂದೊಂದು ಬಗೆಯ ಪಿನ್ನಿದ್ದು, ಚಾರ್ಜರುಗಳಿಗೆ ಪಾತಿವ್ರತ್ಯವೆಂಬುದೊಂದಿತ್ತು. ಈಗ ಜಗತ್ತಿನ ಕಂಪನಿಗಳೆಲ್ಲ ಸೇರಿ ಎಲ್ಲಕ್ಕೂ ಒಂದೇ ಪಿನ್ ಮಾಡಿ, ವಸುಧೈವ ಕುಟುಂಬಕವನ್ನು ಸ್ವಿಚ್ ಬೋರ್ಡಿನ ಮಟ್ಟಕ್ಕೆ ಇಳಿಸಿಬಿಟ್ಟಿವೆ. ಬ್ಯಾಟರಿ ಅರ್ಧಕ್ಕಿಳಿದರೆ ಕಾಲು ಕುಣಿಸಲು ಆರಂಭಿಸಿ, ಕೆಂಪಗಾದರೆ ಕೋಣೆಯಿಡೀ ಪ್ರದಕ್ಷಿಣೆ ಹಾಕುವ ಜಾತಿಯವನು ನಾನು. ನನ್ನ ಚಡಪಡಿಕೆಯನ್ನು ಕೋಣೆಯ ಹಿರಿಯರಾದ ಹಮೀದ್‌ಕಾ ಮಲಗಿದಲ್ಲಿಂದಲೇ ನೋಡಿ ನಗುತ್ತಾರೆ. ಬಂಟ್ವಾಳದ ಕಡೆಯವರು, ಬ್ಯಾರಿಗಳು, ಕೆಳಗಿನ ದಿನಸಿ ಅಂಗಡಿಯಲ್ಲಿ ಕೆಲಸ.

"ಎಂತ ಮಾರಾಯ, ಒಂದು ಚಾರ್ಜರಿಗೆ ಇಷ್ಟು ಮಂಡೆಬಿಸಿಯಾ? ಕರೆಂಟು ಗೋಡೆಯದ್ದು, ವಯರು ಎಲ್ಲರದ್ದು. ಅದರಲ್ಲಿ ನಿನ್ನದು ಅಂತ ಎಂತ ಉಂಟು?"

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಒಂದು ಬೇಟೆಯ ಕೋವಿಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಿಸುವ ಮುನ್ನ ನನ್ನ ಪರಿಚಯವನ್ನಾದರೂ ಹೇಳಿಕೊಳ್ಳುತ್ತೇನೆ.

ನಾನು ಅರಸೀಕೆರೆಯವನು. ಜಂಕ್ಷನ್ ಊರಿನ ಮಕ್ಕಳಿಗೆ ಬೇರೆ ಗುರುಕುಲ ಬೇಡ. ಪ್ಲಾಟ್‌ಫಾರಮ್ಮಿನ ವಡೆಯವನ ಕೂಗು, ರೈಲು ತಡವೆಂದು ಹೇಳುವಾಗಲೂ ಸಂತೋಷದಿಂದ ಉಲಿಯುವ ಧ್ವನಿವರ್ಧಕದ ಹೆಂಗಸು, ಟಿಕೆಟ್ಟಿಲ್ಲದವನನ್ನು ದೂರದಿಂದಲೇ ವಾಸನೆ ಹಿಡಿಯುವ ಟಿ.ಟಿ.ಯ ಕೆಮ್ಮು: ಇವನ್ನೆಲ್ಲ ಅನುಕರಿಸುತ್ತಲೇ ನನಗೆ ಮೀಸೆ ಬಂತು. ಕುವೈತಿಗೆ ಬಂದ ಮೇಲೆ ವಿದ್ಯೆಗೆ ಸಾಣೆ ಬಿತ್ತು. ಕೋಣೆಯಲ್ಲಿ ಬ್ಯಾರಿ ಧಾಟಿ, ಬಸ್ಸಿನಲ್ಲಿ ಭಾಯಿಗಳ ಹಿಂದಿ, ಹೋಟೆಲಿನಲ್ಲಿ ಮಲಯಾಳ, ಆಫೀಸಿನಲ್ಲಿ ಅರ್ಧ ಅರಬ್ಬಿ ಅರ್ಧ ಇಂಗ್ಲಿಷು. ಸಂಜೆಯ ಹೊತ್ತಿಗೆ ನನ್ನ ಸ್ವಂತ ಧ್ವನಿ ಯಾವುದೆಂದು ನಾನೇ ಕೆಮ್ಮಿ ನೋಡಿಕೊಳ್ಳಬೇಕಾಗುತ್ತದೆ. ಆ ಕೆಮ್ಮೂ ಟಿ.ಟಿ.ಯದೇ ಆಗಿರುತ್ತದೆ.

ಹೊಟ್ಟೆಪಾಡಿಗೆ ನಾನು ನೀರಿನ ಪಂಪುಗಳ ಆಮದು ಕಂಪನಿಯೊಂದರಲ್ಲಿ ಖರೀದಿ ವಿಭಾಗದವನು. ಮೂರು ಕಡೆ ಕೊಟೇಷನ್ ತರಿಸು, ಹೋಲಿಸು, ಅಗ್ಗವಾದದ್ದನ್ನು ಹೊಗಳು: ಇಷ್ಟೇ ನನ್ನ ವೇದಾಂತ. ಚಳಿಗಾಲ ಶುರುವಾಗುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಮುದೀರ್, ಎಂದರೆ ಯಜಮಾನರಾದ ಖಾಲಿದ್, ನನ್ನನ್ನು ಕರೆದು ಪಂಪಿನ ಬದಲು ಬಂದೂಕಿನ ಬೆಲೆ ವಿಚಾರಿಸಲು ಹೇಳಿದರು. ಅವರ ತಂದೆ, ಅಲ್ಲಿನ ರೂಢಿಯಂತೆ ಮಗನ ಹೆಸರಿನಿಂದಲೇ ಬೂ ಖಾಲಿದ್ ಎನಿಸಿಕೊಂಡವರು, ಪ್ರತಿವರ್ಷ ಮಕ್ಕಳು ಮೊಮ್ಮಕ್ಕಳ ಪರಿವಾರದೊಂದಿಗೆ ದೂರದ ಗುಡ್ಡಗಾಡು ದೇಶವೊಂದಕ್ಕೆ ಪರವಾನಗಿ ಪಡೆದು ಕಾಡುಮೇಕೆಯ ಬೇಟೆಗೆ ಹೋಗುವವರು. ಬೇಸಿಗೆಯಲ್ಲಿ ಅವರ ಬಲಭುಜದ ಶಸ್ತ್ರಚಿಕಿತ್ಸೆಯಾಗಿತ್ತು. ಗುಂಡು ಹಾರುವಾಗಿನ ಹಳೆಯ ಕೋವಿಯ ಒದೆತ ಇನ್ನು ಭುಜಕ್ಕೆ ತಾಳದೆಂದು ಅವರೇ ಹೊಸದೊಂದನ್ನು ಕೇಳಿದ್ದರು.

"ಅಗ್ಗದ್ದು ನೋಡು. ಬಾಬಾ ಹೊಡೆಯೋದಿಲ್ಲ, ಹಿಡಿದು ಕೂರ್ತಾರೆ ಅಷ್ಟೆ," ಎಂದರು ಖಾಲಿದ್. "ಮೊದಲು ಇಲ್ಲೇ ಶೂಟಿಂಗ್ ರೇಂಜಿನಲ್ಲಿ ಹೊಡೆದು ತೋರಿಸಲಿ. ಭುಜ ನೋಯ್ತು ಅಂದ್ರೆ ಖಲಾಸ್, ಈ ವರ್ಷ ಮನೇಲಿ ಟಿ.ವಿ."

ಮಗನನ್ನು ಕಠಿಣಹೃದಯನೆಂದು ತೀರ್ಮಾನಿಸಬೇಡಿ. ಆಸ್ಪತ್ರೆಯಲ್ಲಿ ತಂದೆಗೆ ತಾನೇ ಚಮಚದಲ್ಲಿ ಗಂಜಿ ಕುಡಿಸಿದವರು ಇದೇ ಖಾಲಿದ್. ಪ್ರೀತಿ ಕೆಲವೊಮ್ಮೆ ಅಂಕುಶದ ವೇಷದಲ್ಲಿ ಬರುತ್ತದೆ.

ಇತ್ತ ನನ್ನ ಶಸ್ತ್ರವಿದ್ಯೆಯೋ! ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿಯಿಟ್ಟು, ಬಲೂನನ್ನು ಬಿಟ್ಟು ಅದನ್ನು ಕಟ್ಟಿದ ಹಲಗೆಯನ್ನು ಹೊಡೆದದ್ದೇ ನನ್ನ ಏಕೈಕ ಮೃಗಯಾವಿಹಾರ. ಕೋವಿಯ ಪರವಾನಗಿ, ಕಾಗದಪತ್ರಗಳೆಲ್ಲ ಬೂ ಖಾಲಿದರವು. ನನ್ನದು ಗೂಗಲ್ ಮಾತ್ರ. ಹುಡುಕುತ್ತ ಹೋದಂತೆ ತಿಳಿದದ್ದೇನೆಂದರೆ, ಕೋವಿಗಿಂತ ಅದು ನುಂಗುವ ತೋಟೆ ಮುಖ್ಯ. ಗುಂಡನ್ನೂ ಮದ್ದನ್ನೂ ಒಟ್ಟಿಗೆ ಹೊತ್ತ ಆ ಹಿತ್ತಾಳೆಯ ಕೊಳವೆಗೂ ನಳಿಗೆಗೂ ಅಳತೆ ಕೂಡಬೇಕು. ಆ ಅಳತೆಗೇ ಕ್ಯಾಲಿಬರ್ ಎನ್ನುತ್ತಾರೆ. ಒಂದರ ತೋಟೆ ಇನ್ನೊಂದಕ್ಕೆ ನಡೆಯುವುದಿಲ್ಲ. ಬಹುಜನಪ್ರಿಯವಾದದ್ದು ತ್ರೀ-ನಾಟ್-ಎಯ್ಟ್; ಅಂಗಡಿಯವರೆಲ್ಲ ಅದನ್ನೇ ಮುಂದಕ್ಕೆ ತಳ್ಳಿದರು. ಅಂಗಡಿ ಅಂಗಡಿ ಅಲೆದೆ, ರಾಶಿ ರಾಶಿ ವಿಡಿಯೊ ನೋಡಿದೆ, ಒಂದನ್ನೂ ಕಡೆಯವರೆಗೆ ನೋಡಲಿಲ್ಲ. ಕಂಪ್ಯೂಟರಿನಲ್ಲಿ ಪಂಪಿನ ಕಿಟಕಿಗಳ ನಡುವೆ ಕೋವಿಯ ಕಿಟಕಿಗಳು. ಸುಲೈಬಿಯಾದ ಗೋದಾಮಿಗೆ ಹೋಗಬೇಕಿದ್ದ ಮಿಂಚಂಚೆಯಲ್ಲಿ ಒದೆತ ಎಷ್ಟೆಂದು ಕೇಳಿದ್ದೆನಂತೆ. ಪಂಪು ಒದೆಯುವುದಿಲ್ಲವೆಂದು ಅವರು ವಿನಯದಿಂದ ಉತ್ತರಿಸಿದ್ದರು.

ಕೊನೆಗೆ ಗೂಗಲ್ಲನ್ನು ಬಿಟ್ಟು ನನಗೆ ಬರುವ ಒಂದೇ ವಿದ್ಯೆಗೆ ಶರಣಾದೆ. ಕೋಣೆಯಲ್ಲಿ ನೆಲ ಒರೆಸುವ ಕೋಲನ್ನು ಹೆಗಲಿಗೇರಿಸಿ ಬೂ ಖಾಲಿದ್ ಆದೆ. ಆಫೀಸಿಗೆ ಬಂದಾಗಲೆಲ್ಲ ಅವರನ್ನು ಕದ್ದು ನೋಡಿದ್ದೆನಲ್ಲ: ಕಾಫಿಯ ಪುಟ್ಟ ಬಟ್ಟಲನ್ನು ಎತ್ತುವಾಗ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ, ಕೈ ಮೇಲೇರುವ ಮೊದಲು ಎಡಗಡೆಯ ಹುಬ್ಬು ತುಸು ಇಳಿಯುತ್ತದೆ, ಗದ್ದ ಕೈಯ ಕಡೆಗೆ ಬಾಗುತ್ತದೆಯೇ ಹೊರತು ಕೈ ಗದ್ದದ ಕಡೆಗೆ ಬರುವುದಿಲ್ಲ. ಹಾಗೆಯೇ ಮೊಣಕೈಯನ್ನು ಅಂಟಿಸಿಕೊಂಡು ಕೋಲನ್ನು ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ.

"ಯಾ ಅಲ್ಲಾ! ಎಂತ ಆಯ್ತು ಇವನಿಗೆ? ನೆಲ ಒರೆಸುವ ಸರದಿ ಇವತ್ತು ನಿನ್ನದೇ ಮಾರಾಯ, ಕೋಲು ಕೆಳಗೆ ಇಡು!" ಎಂದರು ಹಮೀದ್‌ಕಾ.

ಆದರೆ ನನಗೆ ಹೊಳೆದಿತ್ತು. ಭಾರದ ಕೋವಿಯಾದರೆ ಎತ್ತುವಾಗಲೇ ಮೊಣಕೈ ಸೋಲುತ್ತದೆ. ಹಗುರದ್ದಾದರೆ ಎತ್ತಬಹುದು, ಆದರೆ ಕೋವಿ ಹಗುರವಾದಷ್ಟೂ ಒದೆತ ಜೋರು. ಹಾಗಾದರೆ ಬೇಕಾದದ್ದು ಹಗುರ ಕೋವಿ, ಅದಕ್ಕೆ ಸೌಮ್ಯ ಸ್ವಭಾವದ ತೋಟೆ. ಅಂಥದ್ದೊಂದು ಇತ್ತು: ಸಿಕ್ಸ್ ಪಾಯಿಂಟ್ ಫೈವ್ ಬೈ ಫಿಫ್ಟಿಫೈವ್ ಎಂಬ ಸಹಸ್ರನಾಮದ್ದು, ಸ್ವೀಡನ್ನಿನ ಹಿಮದ ಕಡೆ ಮನೆಮಾತಾದದ್ದು, ನನ್ನ ಅಲೆದಾಟದಲ್ಲಿ ಯಾರೂ ಮೂಸದೆ ಬಿಟ್ಟದ್ದು. ಅದೇ ಅಳತೆಯ ಪ್ಲಾಸ್ಟಿಕ್ ಹಿಡಿಯ ಕೋವಿಯೊಂದು ಒಂದು ಅಂಗಡಿಯ ಮೂಲೆಯಲ್ಲಿ ವರ ಸಿಗದ ಕನ್ಯೆಯಂತೆ ನಿಂತಿತ್ತು. ಮೂರು ಕೊಟೇಷನ್‌ಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗ. ಮುದೀರರಿಗೆ ಅಷ್ಟು ಸಾಕಾಯಿತು.

ಆದರೆ ಖರೀದಿ ವಿಭಾಗದವನ ಧರ್ಮವೆಂದರೆ ಸರಕಿನ ದೋಷವನ್ನೂ ಹೇಳುವುದು. ಬೂ ಖಾಲಿದರ ಮನೆಯ ದಿವಾನಿಯಾಕ್ಕೆ, ಗಂಡಸರು ಸಂಜೆ ಕೂಡುವ ಆ ಉದ್ದನೆಯ ಬೈಠಕ್ಕಿಗೆ, ಹೋದೆ. ಅವರ ತಂದೆ ಹಾಯಿಹಡಗಿನಲ್ಲಿ ಮುಂಬಯಿ, ಮಂಗಳೂರುಗಳಿಗೆ ವ್ಯಾಪಾರಕ್ಕೆ ಬರುತ್ತಿದ್ದವರಂತೆ. ಆ ಹಡಗಿನಿಂದ ಮನೆಗಿಳಿದ ಮುಂಬಯಿ ಹಿಂದಿ ಮಗನ ಬಾಯಲ್ಲಿ ಇನ್ನೂ ಉಳಿದಿತ್ತು. ನನ್ನನ್ನು ಅವರು ಬಂದರ್ ಎಂದೇ ಕರೆಯುತ್ತಾರೆ. ಹಿಂದಿಯಲ್ಲಿ ಅದು ಕೋತಿಯಾದರೂ ಅರಬರಲ್ಲಿ ಮರ್ಯಾದಸ್ಥರ ಹೆಸರಾದ್ದರಿಂದ, ಬಂದ ಅತಿಥಿಗಳೆಲ್ಲ ನನಗೆ ಗೌರವದಿಂದ ಸಲಾಂ ಹೇಳುತ್ತಾರೆ.

ಒಂದೇ ಒಂದು ತೊಂದರೆಯಿದೆ ಎಂದೆ. ಈ ತೋಟೆ ನಿಮ್ಮ ಪರಿವಾರದಲ್ಲಿ ಬೇರೆ ಯಾರ ಬಳಿಯೂ ಇರುವುದಿಲ್ಲ. ಬೆಟ್ಟದ ಮೇಲೆ ಮುಗಿದುಹೋದರೆ ಯಾರೂ ಕಡ ಕೊಡಲಾರರು.

ಮುದುಕರ ಕಣ್ಣು ಥಟ್ಟನೆ ಹೊಳೆಯಿತು. ನನ್ನ ಮೊಣಕಾಲನ್ನು ತಟ್ಟಿದರು. "ಅಚ್ಛಾ ಬಂದರ್! ಹಮ್‌ಕೋ ಯಹೀ ಮಂಗ್ತಾ!"

ಅದೇ ಅವರಿಗೆ ಬೇಕಾದದ್ದಂತೆ! ಆಮೇಲೆ ಮೆಲ್ಲಗೆ, ಅತ್ತಿತ್ತ ನೋಡಿ ಕಾರಣ ಹೇಳಿದರು. ಅವರ ಶಿಬಿರದಲ್ಲಿ ಎಲ್ಲರ ಕೋವಿಯೂ ತ್ರೀ-ನಾಟ್-ಎಯ್ಟ್, ಎಲ್ಲರ ತೋಟೆಯೂ ಒಂದೇ ಪೆಟ್ಟಿಗೆಯಲ್ಲಿ. ಅದು ಅವರ ಮನೆತನದ ಪದ್ಧತಿ: ಅನ್ನದಂತೆ ತೋಟೆಯೂ ಹಂಚಿಕೊಳ್ಳುವಂಥದ್ದು, ನನ್ನದು ನಿನ್ನದು ಎನ್ನುವುದು ಅವಮಾನ. ಕೇಳಲು ಚಂದವೇ. ಆದರೆ ಮೊಮ್ಮಕ್ಕಳು ಬೆಳೆದ ಮೇಲೆ, ಅಜ್ಜ ನೀವು ಕೂತಿರಿ, ಅಜ್ಜ ನಿಮ್ಮ ಪಾಲಿಂದು ನಾವೇ ಹೊಡೀತೇವೆ ಎನ್ನುತ್ತ ಪೆಟ್ಟಿಗೆಯನ್ನೇ ಬರಿದು ಮಾಡುತ್ತಿದ್ದರು. ಕಳೆದ ವರ್ಷ ಅವರು ಒಂದು ಈಡನ್ನೂ ಹಾರಿಸದೆ ಮರಳಿದ್ದರು. ಕೋವಿಯನ್ನು ಮಾತ್ರ, ಅಜ್ಜನಿಗೆ ಗೌರವವೆಂದು, ದಿನಾ ಯಾರೋ ಒರೆಸಿಡುತ್ತಿದ್ದರಂತೆ.

"ಏಕ್ ಗೋಲಿ," ಎಂದರು, ಬೆರಳೆತ್ತಿ. "ಮೇರಾ. ಬಸ್."

ಒಂದು ಗುಂಡು, ತನ್ನದು, ಸಾಕು. ಇದನ್ನು ಕೇಳಿದ ಮೇಲೆ ನನ್ನ ಚಡಪಡಿಕೆ ಚಾರ್ಜರಿನ ಮಟ್ಟವನ್ನು ದಾಟಿತು. ರೇಂಜಿನಲ್ಲಿ ಭುಜ ಕೈಕೊಟ್ಟರೆ ಮುದುಕರ ಬೆಟ್ಟ ಹೋಯಿತು. ಕೋವಿ ಆರಿಸಿದವನು ನಾನು.

ರೇಂಜಿನಲ್ಲಿ ನನಗೆ ಸಿಕ್ಕಿದ್ದು ಗಾಜಿನ ಈಚೆಯ ಜಾಗ, ಖಾಲಿದರ ಪಕ್ಕ. ಆಚೆ ಬೂ ಖಾಲಿದ್, ಕಿವಿಗೆ ದೊಡ್ಡ ಮುಚ್ಚಳ, ಹಗುರ ಕೋವಿ. ಎತ್ತಿದರು. ನನ್ನ ಮೊಣಕೈ ತಾನಾಗಿಯೇ ಪಕ್ಕೆಗೆ ಅಂಟಿತು. ಗುಂಡು ಹಾರಿತು, ಭುಜ ಸ್ವಲ್ಪ ಹಿಂದೆ ಸರಿದು ಮುಂದೆ ಬಂತು, ಸ್ನೇಹಿತ ಹೆಗಲು ತಟ್ಟಿದಷ್ಟೇ. ಅವರು ತಿರುಗಿ ಮಗನನ್ನು ನೋಡಿ ಅಗಲವಾಗಿ ನಕ್ಕರು. ಮತ್ತೆ ಎತ್ತಿದರು, ಹೊಡೆದರು, ನಕ್ಕರು. ಖಾಲಿದ್ ಸಮಾಧಾನದ ಉಸಿರುಬಿಟ್ಟರು. ನಾನು ಬಿಡಲಿಲ್ಲ.

ಏಕೆಂದರೆ ಆ ನಗು ಅನುಕರಣೆಯದಾಗಿತ್ತು. ಕಳ್ಳನ ಹೆಜ್ಜೆ ಕಳ್ಳನಿಗೆ ತಿಳಿಯುತ್ತದೆ. ಗುಂಡು ಹಾರುವಾಗಲ್ಲ, ಅದಕ್ಕೂ ಮೊದಲು, ಕೋವಿ ಮೇಲೇರುವಾಗ, ಅದೇ ಎಡಹುಬ್ಬು ಇಳಿದಿತ್ತು. ಒದೆತ ನೋಯಿಸುತ್ತಿರಲಿಲ್ಲ, ನಿಜ. ಕೈ ಎತ್ತುವುದೇ ನೋಯಿಸುತ್ತಿತ್ತು. ಕಾಫಿಯ ಬಟ್ಟಲೂ ನೋಯಿಸುತ್ತಿತ್ತು. ಹಿಂದೆ ನೋವಿಲ್ಲದೆ ನಗುತ್ತಿದ್ದ ತಮ್ಮನ್ನೇ ತಾವು ಅಣಕಿಸುತ್ತ ಆ ಮುದುಕರು ನನಗಿಂತ ದೊಡ್ಡ ಕಲಾವಿದರಾಗಿ ನಿಂತಿದ್ದರು.

ಆಗ ಖಾಲಿದ್ ನನ್ನ ಕಡೆ ತಿರುಗಿದರು. "ನೀನು ಎಲ್ಲರ ನಕಲು ಮಾಡೋನು. ನನ್ನ ನಡಿಗೆ ಮಾಡಿ ತೋರಿಸ್ತೀಯಂತೆ, ಗೊತ್ತು ನಂಗೆ. ನಿಜ ಹೇಳು, ಬಾಬಾಗೆ ನೋವಾಗ್ತಿದೆಯಾ?"

ಅವರ ನಡಿಗೆಯ ಸುದ್ದಿ ಯಾರು ಹೇಳಿದರೆಂದು ಯೋಚಿಸಲೂ ಪುರುಸೊತ್ತಿರಲಿಲ್ಲ. ಗಾಜಿನ ಆಚೆಯಿಂದ ಬೂ ಖಾಲಿದ್ ನನ್ನನ್ನೇ ನೋಡುತ್ತಿದ್ದರು. ಮಾತು ಅವರಿಗೆ ಕೇಳುವಂತಿರಲಿಲ್ಲ. ಏನು ಕೇಳಲಾಗುತ್ತಿದೆಯೆಂಬುದು ಮಾತ್ರ ಗೊತ್ತಿತ್ತು. ಮುಖದ ಮೇಲಿನ ನಗು ಇಳಿದಿತ್ತು, ಹುಬ್ಬು ಸ್ವಸ್ಥಾನದಲ್ಲಿತ್ತು. ನೋವಿದೆ ಎಂದರೆ ಸತ್ಯ, ಆದರೆ ಮನೆಯಲ್ಲಿ ಕೂತರೂ ಅದೇ ನೋವು. ಇಲ್ಲವೆಂದರೆ ಸುಳ್ಳು, ನಾಳೆ ಬೆಟ್ಟದಲ್ಲಿ ಏನಾದರೂ ಆದರೆ ನನ್ನ ತಲೆಯ ಮೇಲೆ. ಎಲ್ಲರ ಧ್ವನಿಯೂ ಬರುವವನು ನಾನು. ಕಡೆಗೆ ಬಂದದ್ದು ಖರೀದಿ ವಿಭಾಗದ ನನ್ನದೇ ಬಡಧ್ವನಿ, ತಲೆ ಅಲ್ಲಾಡಿಸುವುದರ ಸಮೇತ.

"ಕೋವಿ ನೋಯಿಸ್ತಿಲ್ಲ ಸರ್. ಕೋವಿ ನೋ ಪ್ರಾಬ್ಲಂ, ಸರ್."

ಖಾಲಿದ್ ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ನಾನು ಹೇಳದೆ ಉಳಿಸಿದ ಅರ್ಧವೂ ಅವರಿಗೆ ಕೇಳಿಸಿತೇನೋ, ಗೊತ್ತಿಲ್ಲ. "ಯಲ್ಲಾ," ಎಂದರು. "ಕರ್ಕೊಂಡು ಹೋಗ್ತೀನಿ. ಕೋವಿ ನಾನೇ ಹೊತ್ತುಕೊಳ್ತೀನಿ."

ಅದೇ ವಾರ ನಾನೂ ಒಂದು ಕೆಲಸ ಮಾಡಿದೆ. ಯಾರಿಗೂ ಬೇಡವಾದ, ಹಳೆಯ ಬಗೆಯ ಚಪ್ಪಟೆ ಪಿನ್ನಿನ ಫೋನೊಂದನ್ನು ಅಗ್ಗಕ್ಕೆ ಕೊಂಡೆ. ಚಾರ್ಜರನ್ನು ಎಲ್ಲರೆದುರೇ ಸಿಕ್ಕಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಇಟ್ಟಲ್ಲೇ ಇತ್ತು. ಮರುದಿನವೂ ಇತ್ತು. ವಿಜಯೋತ್ಸಾಹದಿಂದ ಕೋಣೆಯನ್ನು ನೋಡಿದೆ. ನೋಡಲು ಯಾರೂ ತಲೆಯೆತ್ತಲಿಲ್ಲ. ನನ್ನ ಮೇಲೆ ಯಾರೂ ರೇಗುವುದಿಲ್ಲ, ನಾನು ಯಾರ ಮೇಲೂ ರೇಗುವಂತಿಲ್ಲ. ಸ್ವಾತಂತ್ರ್ಯಕ್ಕೆ ಇಷ್ಟು ನಿಶ್ಶಬ್ದವಿರುತ್ತದೆಂದು ಯಾರೂ ಹೇಳಿರಲಿಲ್ಲ.

ಆಮೇಲೆ ಆದದ್ದು ಆಗಲೇಬೇಕಾದದ್ದು. ಶುಕ್ರವಾರ, ನಮಾಜಿನ ಹೊತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಬೂ ಖಾಲಿದರ ಪರಿವಾರ ಬೆಟ್ಟ ಸೇರಿ ಕೆಲವು ದಿನಗಳಾಗಿದ್ದವು, ಸುದ್ದಿಯಿರಲಿಲ್ಲ. ನನ್ನ ಹೊಸ ಹಳೇ ಚಾರ್ಜರಿನ ತಂತಿ ಬುಡದಲ್ಲಿ ಮುರಿಯಿತು. ಫೋನು ಕೆಂಪು ತೋರಿಸುತ್ತಿರುವಾಗಲೇ ಪರದೆಯ ಮೇಲೆ ಬೂ ಖಾಲಿದರ ಧ್ವನಿಸಂದೇಶವೊಂದು ಬಂದು ಕೂತಿತು. ಬೆರಳಿಡುವಷ್ಟರಲ್ಲಿ ಫೋನು ಕಣ್ಮುಚ್ಚಿತು. ಕೋಣೆಯಲ್ಲಿ ಚಾರ್ಜರುಗಳಿಗೇನು ಬರ? ಗೋಡೆಯ ತುಂಬ ತೂಗುತ್ತಿದ್ದವು. ಒಂದೂ ಒಳಹೋಗದು. ಭುಜ ಜಾರಿತೋ, ಕಾಲು ಜಾರಿತೋ, ನನ್ನನ್ನು ಬೈದಿದ್ದಾರೋ? ನಮ್ಮ ಪುಟ್ಟ ಕೋಣೆಯಲ್ಲಿ ಎಷ್ಟು ಪ್ರದಕ್ಷಿಣೆ ಹಾಕಿದೆನೋ, ಮಸೀದಿಯಿಂದ ಮರಳಿದ ಹಮೀದ್‌ಕಾ ಬಾಗಿಲಲ್ಲೇ ನಿಂತರು.

"ಈಗ ಎಂತ ಆಯ್ತು?"

ಹೇಳಿದೆ. ಅವರು ಟೊಪ್ಪಿ ತೆಗೆದಿಟ್ಟು, ಮಂಚದಡಿಯ ಟ್ರಂಕನ್ನು ಎಳೆದು, ಬಟ್ಟೆಗಳ ಕೆಳಗಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಚಾರ್ಜರೊಂದನ್ನು ತೆಗೆದರು. ಚಪ್ಪಟೆ ಪಿನ್ನು.

"ಮಗಳು ಹುಟ್ಟಿದ ದಿನ ಮನೆಯವಳ ಹತ್ತಿರ ಮಾತಾಡಿದ ಫೋನಿಂದು. ಫೋನು ಸತ್ತು ಎಷ್ಟೋ ಕಾಲ ಆಯ್ತು. ಇದು ಯಾರಿಗೂ ಬೇಡ, ಹಾಗೆ ಉಳಿಯಿತು." ಸಿಕ್ಕಿಸಿ ಕೊಡುತ್ತ ಸೇರಿಸಿದರು: "ಜಾಗ್ರತೆ ಆಯ್ತಾ. ಇದು ನಂದು."

ಫೋನು ಕಣ್ಣು ತೆರೆಯಿತು. ಇಬ್ಬರೂ ತಲೆ ತಗ್ಗಿಸಿ ಕೇಳಿದೆವು. ಮೊದಲು ಗಾಳಿ. ಆಮೇಲೆ ತಲೆ ಅಲ್ಲಾಡಿಸುವುದೂ ಕೇಳಿಸುವಂಥ ಧ್ವನಿಯೊಂದು: "ಕೋವಿ ನೋ ಪ್ರಾಬ್ಲಂ, ಸರ್!" ಅಯ್ಯೋ, ಅದು ನಾನು! ರೇಂಜಿನಲ್ಲಿ ನಾನು ಆಡಿದ ಮಾತನ್ನು ಮಗನೇ ಮುಟ್ಟಿಸಿರಬೇಕು. ಆ ಎಳೆತ, ಆ ದೀನತೆ ಮಾತ್ರ ಮುದುಕರ ಸ್ವಂತ ಸಾಧನೆ, ನನ್ನನ್ನೂ ಇಷ್ಟು ದಿನ ಕದ್ದು ನೋಡಿದ್ದರ ಫಲ. ಹಿಂದೆಯೇ ಒಂದು ಈಡು. ಬೆಟ್ಟ ಅದನ್ನು ಹಿಡಿದು ಎರಡು ಸಲ ಅಣಕಿಸಿತು. ಆಮೇಲೆ ಮುದುಕರ ನಗು, ನಗುವಿನ ನಡುವೆ ಒಂದು ಸಣ್ಣ ಉಸ್ಸೆಂಬ ನೋವು, ಮುಚ್ಚಿಡುವ ಗೋಜಿಲ್ಲದೆ. ಮೇಕೆ ಬಿತ್ತೋ ಓಡಿತೋ, ಅದರಲ್ಲಿರಲಿಲ್ಲ.

"ಯಾರು ಅದು, ನೀನಾ?" ಎಂದರು ಹಮೀದ್‌ಕಾ.

"ನನ್ನ ಹಾಗೇ ಇತ್ತಾ?"

"ನಿನಗಿಂತ ಚಂದ ಉಂಟು ಮಾರಾಯ."

ಚಾರ್ಜರನ್ನು ಅಂದೇ ಹಿಂತಿರುಗಿಸಲು ಹೋದೆ. ಅವರು ಟ್ರಂಕಿನಲ್ಲಿಡಲಿಲ್ಲ, ಗೋಡೆಯ ಮೊಳೆಗೆ, ಉಳಿದವುಗಳ ಸಾಲಿಗೇ ತೂಗುಹಾಕಿದರು. ಈಗಲೂ ಅಲ್ಲೇ ಇದೆ. ಸ್ನಾನ ಮುಗಿಸಿ ಬರುವಾಗ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯಾರೂ ಒಯ್ದಿರುವುದಿಲ್ಲ, ಒಯ್ಯಲಾರರು, ಗೊತ್ತು. ಆದರೂ ಒಮ್ಮೆ ಮುಟ್ಟಿ ನೋಡಿಯೇ ತಲೆ ಒರೆಸಿಕೊಳ್ಳುತ್ತೇನೆ.