ಗಂಡನಿರುವಾಗಲೇ ಕತ್ತರಿಸಿದ ಜಡೆ

ದೇವಳಾಲಿ ಕ್ಯಾಂಪ್ ಸ್ಟೇಷನ್ನಿನ ಎದುರು ತಿಂಡಿಯ ಹೋಟೆಲು ನಡೆಸುತ್ತಿದ್ದ ಮೋಹನದಾಸನ ಹೆಂಡತಿ ವಸಂತಿಗೆ ಸೊಂಟ ದಾಟುವ ಕೂದಲಿತ್ತು. ಹೆರಿಗೆಯಾಗಿ ನಾಲ್ಕು ತಿಂಗಳಿಗೆ ಅದು ಉದುರಲು ಶುರುವಾಯಿತು. ದಿಂಬಿನ ಮೇಲೆ, ತೊಟ್ಟಿಲಲ್ಲಿ, ಮಗುವಿನ ಮುಷ್ಟಿಯೊಳಗೆ, ಎಲ್ಲೆಲ್ಲೂ ಕೂದಲು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ಅವಳು ಸುಮ್ಮನಿದ್ದಳು.

ಅರವತ್ತೊಂಬತ್ತರ ಚಳಿಗಾಲದ ಒಂದು ಬೆಳಿಗ್ಗೆ ಏಳು ತಿಂಗಳ ಪುಟ್ಟಿ ಅಳು ನಿಲ್ಲಿಸಲೇ ಇಲ್ಲ. ಹಾಲು ಬೇಡ, ಜೋಗುಳ ಬೇಡ. ಕ್ಯಾಂಪಿನ ಡಾಕ್ಟರು ಮಗುವಿನ ಉಣ್ಣೆಯ ಕಾಲುಚೀಲ ಬಿಚ್ಚಿದರು. ಕಿರುಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಒಂದೇ ಒಂದು ಕೂದಲು ಮೂರು ಸುತ್ತು ಸುತ್ತಿಕೊಂಡು ಚರ್ಮದೊಳಗೆ ಇಳಿದಿತ್ತು.

"ನಿಮ್ಮದೇ ಕೂದಲು, ಬಾಯಿ," ಎಂದರು ಡಾಕ್ಟರು ಮರಾಠಿಯಲ್ಲಿ. "ನಾಳೆ ಬಂದಿದ್ದರೆ ಬೆರಳು ಸಿಗುತ್ತಿರಲಿಲ್ಲ."

ಅಂದಿನಿಂದ ವಸಂತಿ ಎಣ್ಣೆ ಹಚ್ಚಿ, ಬಿಗಿದು ತುರುಬು ಕಟ್ಟಿ, ಮೇಲೊಂದು ಬಟ್ಟೆ ಸುತ್ತಿಕೊಂಡೇ ಇದ್ದಳು. ಆದರೂ ಹದಿನೈದು ದಿನಕ್ಕೆ ಮಗುವಿನ ಕೈಬೆರಳಿಗೆ ಇನ್ನೊಂದು ಸುತ್ತಿತು. ಈ ಸಲ ಅವಳೇ ನೋಡಿ ಬಿಡಿಸಿದಳು. ಕುತ್ತಿಗೆಯವರೆಗೆ ಕತ್ತರಿಸಿಬಿಡುವುದೇ ಸರಿ ಎಂದು ಆಗಲೇ ತೀರ್ಮಾನಿಸಿದ್ದು.

ಕತ್ತರಿಸುವವರು ಯಾರು? ಕ್ಷೌರಿಕ ಮುತ್ತೈದೆಯ ತಲೆ ಮುಟ್ಟುವುದಿಲ್ಲ. ಮಿಲಿಟರಿ ಸಾಹೇಬರ ಹೆಂಡಂದಿರಿಗೆ ಕ್ಯಾಂಪಿನಲ್ಲಿ ಕೂದಲು ಕತ್ತರಿಸುವ ಒಂದು ಅಂಗಡಿಯಿತ್ತು. ಹೋಟೆಲಿನವನ ಹೆಂಡತಿ ಅಲ್ಲಿಗೆ ಹೋದರೆ ಅವಳು ಮನೆ ಸೇರುವ ಮೊದಲೇ ಸುದ್ದಿ ಊರಿಗೆ, ಉಡುಪಿಗೆ, ಮುಟ್ಟುತ್ತಿತ್ತು. ಗಂಡನ ಹತ್ತಿರ ಹೇಳಿದಳು.

"ಎಂತ ಮಾರಾಯ್ತಿ, ನಾನು ಇರುವಾಗಲೇ?" ಎಂದು ಮೋಹನದಾಸ ನಕ್ಕ. ನಗು ಅರ್ಧದಲ್ಲೇ ನಿಂತಿತು. "ಬೇಡ. ಮಗುವಿಗೆ ಕೈಗವಸು ಹೊಲಿ."

ಅವನು ನಗು ನಿಲ್ಲಿಸಿದ್ದು ಏಕೆಂದು ವಸಂತಿಗೆ ಗೊತ್ತಿತ್ತು. ಅವಳ ತವರಿನಲ್ಲಿ ಜಲಜಾಕ್ಷಿ ಚಿಕ್ಕಮ್ಮ ಇದ್ದಳು. ಚಿಕ್ಕಪ್ಪ ಸತ್ತ ಹತ್ತನೇ ದಿನ ಕ್ಷೌರಿಕ ಹಿತ್ತಲಿಗೆ ಬಂದಾಗ, ಇಪ್ಪತ್ತೆರಡರ ಚಿಕ್ಕಮ್ಮ ಸೌದೆ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದಳು. "ಹೇಳ್ಬೇಡ, ಆಯ್ತಾ?" ಎಂದು ಏಳು ವರ್ಷದ ವಸಂತಿಯ ಗಲ್ಲ ಹಿಡಿದಿದ್ದಳು. ಅಜ್ಜ ಗದರಿಸಿ ಕೇಳಿದಾಗ ವಸಂತಿ ಬಾಯಿ ಬಿಡಲಿಲ್ಲ, ಕೊಟ್ಟಿಗೆಯತ್ತ ಬೆರಳು ತೋರಿಸಿದಳು. ಚಿಕ್ಕಮ್ಮ ಅದನ್ನು ಯಾವತ್ತೂ ಎತ್ತಿ ಆಡಲಿಲ್ಲ. ವಸಂತಿ ಮದುವೆಯಾಗಿ ಹೊರಡುವವರೆಗೂ ದಿನಾ ಅವಳ ತಲೆ ಬಾಚಿ ಜಡೆ ಹೆಣೆದಳು. "ನಿನ್ನದು ನನ್ನ ಕೂದಲಿನ ಹಾಗೇ," ಎನ್ನುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾದರೂ ಬಾಚಣಿಗೆ ಎತ್ತಿದಾಗಲೆಲ್ಲ ವಸಂತಿಗೆ ನೆತ್ತಿಯ ಮೇಲೆ ಇನ್ನೊಂದು ಕೈ ಇದ್ದಂತೆ ಅನಿಸುತ್ತಿತ್ತು.

ಮೋಹನದಾಸ ತೊಗರಿಬೇಳೆ ತರಲು ಗಂಗಾಪುರಕ್ಕೆ ಹೋದ. ಮರುದಿನ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ಆ ಬೆಳಿಗ್ಗೆ ವಸಂತಿ ಗೋಡೆಯ ಕನ್ನಡಿಯ ಮುಂದೆ ಕೂತು, ಜಡೆಯನ್ನು ಭುಜದ ಮುಂದಕ್ಕೆ ತಂದು, ಬಟ್ಟೆ ಕತ್ತರಿಸುವ ಕತ್ತರಿ ಇಟ್ಟಳು. ದಪ್ಪ ಜಡೆ ಒಂದೇಟಿಗೆ ತುಂಡಾಗಲಿಲ್ಲ. ಹಗ್ಗ ಕೊಯ್ದಂತೆ ಕೊಯ್ಯಬೇಕಾಯಿತು. ತುಂಡಾದಾಗ ಎಡಗಡೆ ಮೇಲೆ, ಬಲಗಡೆ ಕೆಳಗೆ. ಬಲ ಸರಿಮಾಡಿದರೆ ಎಡ ಉದ್ದ. ಕನ್ನಡಿಯಲ್ಲಿ ಕೈ ತಿರುವುಮುರುವಾಗಿ ಹೋಗುತ್ತಿತ್ತು. ಸರಿಮಾಡುತ್ತಾ ಮಾಡುತ್ತಾ ಕಿವಿಯ ಮೇಲಕ್ಕೆ ಬಂತು. ಹಿಂದೆ ಒಂದು ಕಡೆ ಬಿಳಿ ಚರ್ಮವೇ ಕಾಣಿಸಿತು. ತಲೆ ಎತ್ತಿದರೆ ಕನ್ನಡಿಯಲ್ಲಿ ಚಿಕ್ಕಮ್ಮ ಕೂತಿದ್ದಳು, ಹಣೆಯಲ್ಲಿ ಕುಂಕುಮ ಇಟ್ಟುಕೊಂಡು. ವಸಂತಿ ಕತ್ತರಿ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಪಕ್ಕದ ಮನೆಯ ಬೀದರಿನ ಚನ್ನಮ್ಮ ಮೊಸರಿನ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ನೆಲದ ತುಂಬ ಕೂದಲು, ಬೆನ್ನು ತಿರುಗಿಸಿ ಅಳುವ ಹೆಂಗಸು. ಈ ಜನರಲ್ಲಿ ಗಂಡ ಸತ್ತರೆ ಕೂದಲು ತೆಗೆಸುತ್ತಾರೆಂದು ಅವಳು ಕೇಳಿದ್ದಳು. ತಿರುಗಿ ಓಡಿದಳು.

ಸ್ವಲ್ಪ ಹೊತ್ತಿನಲ್ಲಿ ಚನ್ನಮ್ಮನ ಜೊತೆ ಅವಳ ಗಂಡ ರೈಲ್ವೆ ಗುಮಾಸ್ತ ವಿಶ್ವನಾಥಪ್ಪನೂ ಹೋಟೆಲಿನ ಅಡಿಗೆಯ ಕಿಟ್ಟಣ್ಣನೂ ಬಂದರು. ಕಿಟ್ಟಣ್ಣ ಹೋಟೆಲಿನ ಬಾಗಿಲು ಹಾಕಿಯೇ ಬಂದಿದ್ದ. ವಸಂತಿಯ ತಲೆ ನೋಡಿ ಅವನು ಕೇಳಿದ.

"ಇಷ್ಟು ಬೇಗ ಎಂತಕ್ಕೆ ತೆಗ್ದದ್ದು ಮಗಳೇ? ಅದು ಹತ್ತನೇ ದಿನಕ್ಕಲ್ವಾ?"

ವಸಂತಿಗೆ ಅನಿಸಿದ್ದು ಒಂದೇ: ತಾನು ಕತ್ತರಿ ಹಿಡಿದ ಗಳಿಗೆಗೇ ಅತ್ತ ಏನೋ ಆಗಿಹೋಗಿದೆ, ಇವರು ಅದನ್ನು ಹೇಳಲು ಬಂದಿದ್ದಾರೆ.

"ಅವರಿಗೆ ಎಂತ ಆಯ್ತು? ಯಾರು ಹೇಳಿದ್ದು?"

"ಯಾರೂ ಹೇಳಿಲ್ರೀ," ಎಂದಳು ಚನ್ನಮ್ಮ, ಗಂಡನ ಮುಖ ನೋಡುತ್ತಾ. "ನಿಮ್ಮ ತಲಿ ನೋಡಿ ನಾನs ತಿಳ್ಕೊಂಡೆ. ಹಂಗಾದ್ರ ಸುದ್ದಿ ಬಂದಿಲ್ಲೇನ್ರಿ?"

"ಇಲ್ಲ. ಮಗುವಿಗೋಸ್ಕರ ನಾನೇ ಕತ್ತರಿಸಿದ್ದು."

ಯಾರೂ ನಗಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ. ಹೋಟೆಲು ತೆರೆಯಲು ವಿಶ್ವನಾಥಪ್ಪ ಹೇಳಿದರೆ ಕಿಟ್ಟಣ್ಣ, "ಅವರು ಬರಲಿ, ಮತ್ತೆ ತೆರೆಯುವ," ಎಂದ. ಚನ್ನಮ್ಮ ಪುಟ್ಟಿಯನ್ನು ಎತ್ತಿಕೊಂಡು ತನ್ನ ಮನೆಗೆ ಒಯ್ದಳು. ಮಧ್ಯಾಹ್ನದ ಬಸ್ಸಿನ ಹೊತ್ತು ದಾಟಿತು. ಮೋಹನದಾಸ ಬರಲಿಲ್ಲ. ವಸಂತಿ ಅಲುಗಾಡದೆ ಕೂತಿದ್ದಳು. ಬೋಳು ಕುತ್ತಿಗೆಗೆ ಯಾರೋ ಉಸಿರು ಬಿಟ್ಟಂತೆ ಚಳಿಯಾಗುತ್ತಿತ್ತು.

ನಾಲ್ಕು ಗಂಟೆಗೆ ಟಾಂಗಾ ನಿಂತಿತು. "ಯಾರು ಸತ್ತದ್ದು ಅಂತ ಹೋಟೆಲ್ ಮುಚ್ಚಿದ್ದು?" ಎಂದು ಬೈಯುತ್ತಲೇ ಮೋಹನದಾಸ ಒಳಗೆ ಬಂದ. ಬಸ್ಸಿನ ಟಯರು ದಾರಿಯಲ್ಲಿ ಯೇವಲಾದ ಹತ್ತಿರ ಒಡೆದಿತ್ತಂತೆ. ಕಿಟ್ಟಣ್ಣ ಅವನ ತೋಳು ಮುಟ್ಟಿ ನೋಡಿ, ಹೋಟೆಲಿನ ಬೀಗದ ಕೈ ಹಿಡಿದು ಹೊರಟ. ವಿಶ್ವನಾಥಪ್ಪ ಮಗುವನ್ನು ಕಳಿಸುತ್ತೇನೆಂದು ಹೇಳಿ ಎದ್ದ.

ಮೋಹನದಾಸ ಹೆಂಡತಿಯ ತಲೆಯನ್ನು ನೋಡಿದ. ಬೈಯಲಿಲ್ಲ. ಹಿಂದೆ ಕೂತು ಕತ್ತರಿ ಎತ್ತಿಕೊಂಡ.

"ಹಿಂದೆ ಆಡು ಮೇಯ್ದ ಹಾಗಿದೆ. ಅಲುಗಾಡ್ಬೇಡ."

ಅವನ ಕೈ ಬೆಚ್ಚಗಿತ್ತು. ಸರಿಮಾಡಿ, ಕೂದಲು ಗುಡಿಸಿ, ಸ್ನಾನ ಮಾಡು ಎಂದು ಹೇಳಿ ಹೋಟೆಲಿಗೆ ಹೋದ.

ಸ್ನಾನ ಮುಗಿಸಿ ಬಂದಾಗ ಚನ್ನಮ್ಮ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ವಸಂತಿ ಕೈ ಚಾಚಿದಳು. ಮಗು ಅವಳ ಮುಖ ನೋಡಿ ಚನ್ನಮ್ಮನ ಸೆರಗಿಗೆ ಅಂಟಿಕೊಂಡಿತು.

"ಅವ್ವ ಅದಾಳವ್ವಾ, ಹೋಗು," ಎಂದಳು ಚನ್ನಮ್ಮ.

"ಪುಟ್ಟೀ."

ಸ್ವರ ಗುರುತಾಯಿತು. ಮಗು ತಟ್ಟನೆ ತಿರುಗಿತು. ಆದರೆ ಕರೆದವಳನ್ನು ನೋಡಲಿಲ್ಲ. ಅವಳ ಭುಜದ ಮೇಲಿಂದ ಹಿಂದಕ್ಕೆ ನೋಡಿತು, ಎರಡೂ ಕೈ ಮುಂದೆ ಮಾಡಿ ನಕ್ಕಿತು.

ವಸಂತಿ ಮಗುವನ್ನು ಎದೆಗೆ ಒತ್ತಿಕೊಂಡಳು. ನೆತ್ತಿಯ ಮೇಲೆ ಮತ್ತೆ ಆ ಕೈ ಇದ್ದಂತೆ ಅನಿಸಿತು. ಹಿಂದಕ್ಕೆ ತಿರುಗಿ ನೋಡಲಿಲ್ಲ.