ಹೊಸ ಗಿಡಕ್ಕೆ ಕಟ್ಟಿದ ನೆರಳು

ಅಜ್ಜಾವರದ ಕುಕ್ಕಪ್ಪ ಹತ್ತೊಂಬತ್ತು ವರ್ಷ ದಿನಗೂಲಿಯ ಮೇಲೆ ಸರಕಾರದ ಗುಡ್ಡೆ ಕಾದವನು. ಬಾಡಿದ ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದು, ಜೀವ ಇದೆಯೋ ಇಲ್ಲವೋ ಎಂದು ಹೇಳುತ್ತಿದ್ದ. ಅವನು ಸತ್ತಿದೆ ಎಂದರೆ ಊರಿನ ತೋಟದವರು ಎರಡನೇ ಮಾತು ಕೇಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಆ ಗುಡ್ಡೆಗೆ ಒಂದು ಬೋರ್ಡು ಬಂತು. ಬೇರೆಲ್ಲೋ ರಸ್ತೆಗಾಗಿ ಕಡಿದ ಕಾಡಿನ ಬದಲಿಗೆ ಇಲ್ಲಿ ಎರಡು ಸಾವಿರ ಗಿಡ ಬೆಳೆಸುತ್ತೇವೆ, ಕಲ್ಲಿದ್ದಲಿನ ಹೊಗೆಯನ್ನು ಇಂಥ ಕಾಡುಗಳು ಹೀರುತ್ತವೆಂದು ದೇಶವೇ ಜಗತ್ತಿಗೆ ಮಾತು ಕೊಟ್ಟಿದೆ ಎಂದು ಯೋಜನೆಯ ಅಧಿಕಾರಿ ವಿಷ್ಣುಪ್ರಸಾದ್ ಭಾಷಣ ಮಾಡಿದರು. ಪಿಕಪ್ಪಿನಲ್ಲಿ ಬಂದದ್ದು ನಾನೂರು ಗಿಡ, ಅದೂ ಮಳೆ ನಿಂತ ಮೇಲೆ. ಮಾರ್ಚಿಗೆ ಎಲ್ಲ ಒಣಕಡ್ಡಿ. ಸತ್ತಿವೆ ಎಂದು ಕುಕ್ಕಪ್ಪ ಹೇಳಿದ. ವರದಿಯಲ್ಲಿ ಎರಡು ಸಾವಿರವೂ ಬದುಕಿದವು.

ಈ ವರ್ಷ ಫೆಬ್ರವರಿಯಲ್ಲಿ ವಿಷ್ಣುಪ್ರಸಾದ್ ಖುದ್ದು ಗುಡ್ಡೆ ಹತ್ತಿದರು.

"ಮುಂದಿನ ತಿಂಗಳು ಹೊರದೇಶದವರು ಬರ್ತಾರೆ. ಸಮುದ್ರದ ನಡುವಿನ ಸಣ್ಣ ದೇಶ, ನೀರು ಏರಿ ಏರಿ ಮುಳುಗ್ತಾ ಉಂಟು. ಹವಾಮಾನದ ದೊಡ್ಡ ಸಭೆಯಲ್ಲಿ ನಮ್ಮ ದೇಶದ ಬದಿಗೆ ನಿಲ್ಲುದೋ ಬೇಡವೋ ಅಂತ ನೋಡ್ಲಿಕ್ಕೆ ಬರುದು."

"ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಸಾರ್? ಬೋರ್ಡು ಉಂಟು."

"ತಮಾಷೆ ಸಾಕು ಮಾರಾಯ. ನರ್ಸರಿಯಿಂದ ಎದೆಮಟ್ಟದ ಗಿಡ ತರಿಸ್ತೇನೆ. ಮೂರು ಮಳೆ ಕಂಡ ಗಿಡ ಅಂತ ಹೇಳಿದರೆ ಆಯ್ತು. ನಿನ್ನ ಪರ್ಮನೆಂಟ್ ಮಾಡುವ ಫೈಲು ನನ್ನ ಮೇಜಿನ ಮೇಲೆ ಉಂಟು, ನೆನಪಿರಲಿ."

ಕುಕ್ಕಪ್ಪ ಅದನ್ನು ಮರೆಯುವಂತಿರಲಿಲ್ಲ. ಹೆಂಡತಿ ಕುಮುದಿನಿಗೆ ವಾರಕ್ಕೆರಡು ಸಲ ಪುತ್ತೂರಿನಲ್ಲಿ ಡಯಾಲಿಸಿಸ್. ಕೆಲಸ ಕಾಯಂ ಆದರೆ ಅವಳ ಚಿಕಿತ್ಸೆಗೊಂದು ದಾರಿ.

ರಸ್ತೆಗೆ ಕಾಣುವ ಇಳಿಜಾರಿನಲ್ಲಿ ಮುನ್ನೂರು ಗಿಡ ನೆಟ್ಟ. ಕೆಳಗಿನ ತೋಡಿನಿಂದ ನೀರು ಹೊತ್ತ. ಸುಳ್ಳು ಹೇಳಲು ನೆಟ್ಟ ಗಿಡವಾದರೂ ಅದು ಸೊರಗುವುದನ್ನು ನೋಡುತ್ತ ಕೂರಲು ಅವನಿಂದ ಆಗಲಿಲ್ಲ. ಪಡುವಣ ಬಿಸಿಲು ಬಡಿಯದಂತೆ ಒಂದೊಂದು ಗಿಡದ ಪಡು ಬದಿಗೂ ಅಡಿಕೆ ಸೋಗೆ ಊರಿ ಕಟ್ಟಿದ. ತೋಟದ ಊರಿನಲ್ಲಿ ಹುಟ್ಟಿದವರ ಕೈ ಹೊಸ ಸಸಿಗೆ ತಾನಾಗಿಯೇ ಹಾಗೆ ಮಾಡುತ್ತದೆ. ವಿಷ್ಣುಪ್ರಸಾದರೂ ತೋಟದ ಮನೆಯವರೇ. ಬಂದು ನೋಡಿದಾಗ ಅವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. "ಚಂದ ಮಾಡಿದ್ದೀ" ಎಂದರು.

ಅತಿಥಿಗಳು ಬೆಳಿಗ್ಗೆ ಹತ್ತಕ್ಕೆ ಬಂದರು. ಮುಂದಾಳು ಐವತ್ತರ ಹೆಂಗಸು, ತಲೆಗೆ ಹತ್ತಿಯ ಬಟ್ಟೆ ಸುತ್ತಿದ್ದಳು. ಮಾತು ದಾಟಿಸಲು ರಾಮಕುಂಜದ ಭವಿತಾ ಇದ್ದಳು, ಯೋಜನೆಯ ಕಚೇರಿಯಲ್ಲಿ ಕೆಲಸಕ್ಕಿರುವ ಹುಡುಗಿ. ಬೋರ್ಡಿನ ಎದುರು ವಿಷ್ಣುಪ್ರಸಾದ್ ಅಂಕಿ ಹೇಳುತ್ತಿದ್ದಂತೆ ಆ ಹೆಂಗಸು ಅವರನ್ನು ದಾಟಿ ಬಂದು ಒಂದು ಸೋಗೆಯ ಬಳಿ ಕುಕ್ಕರುಗಾಲಲ್ಲಿ ಕೂತಳು.

"ಇದು ಎಂತಕ್ಕೆ ಅಂತ ಕೇಳ್ತಾರೆ ಕುಕ್ಕಪ್ಪಣ್ಣ."

"ಬಿಸಿಲಿಗೆ."

ಹೆಂಗಸಿನ ಮುಖ ಅರಳಿತು. ಭವಿತಾ ಅವಳ ಮಾತನ್ನು ಕನ್ನಡಕ್ಕೆ ತಂದಳು: "ಅವರ ಊರಲ್ಲೂ ತೆಂಗಿನ ಸಸಿಗೆ ಗರಿ ಊರ್ತಾರಂತೆ. ಬೇರು ಹಿಡಿಯುವವರೆಗೆ, ಒಂದೆರಡು ತಿಂಗಳು. ಈಗ ಊರ್ಲಿಕ್ಕೆ ಜಾಗವೇ ಇಲ್ಲವಂತೆ, ಬಾವಿಯವರೆಗೆ ಉಪ್ಪುನೀರು ಬಂದಿದೆ." ಮುಂದಿನ ಪ್ರಶ್ನೆಗೆ ಭವಿತಾಳ ದನಿ ತಗ್ಗಿತು. "ಇದನ್ನು ನೆಟ್ಟದ್ದು ಯಾವಾಗ ಅಂತ ಕೇಳ್ತಿದ್ದಾರೆ."

ವಿಷ್ಣುಪ್ರಸಾದ್ ಮಾತು ನಿಲ್ಲಿಸಿ ಇತ್ತ ತಿರುಗಿದರು. ಕುಕ್ಕಪ್ಪ ಹೆಂಗಸಿನ ಬೆರಳಿಗೆ ಹತ್ತಿದ ಸಡಿಲ ಮಣ್ಣನ್ನು ನೋಡಿದ.

"ಮೂರು ಮಳೆ ಆಯ್ತು."

ಅವಳು ಸೋಗೆಯ ಕಟ್ಟನ್ನು ಸರಿಮಾಡಿ ಎದ್ದಳು. ಕೈಯಲ್ಲಿದ್ದ ಟಿಪ್ಪಣಿ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಮೆಲ್ಲಗೆ ಏನೋ ಹೇಳಿದಳು. ಭವಿತಾ ತಡವರಿಸಿದಳು.

"ಹೇಳು, ಅಡ್ಡಿಲ್ಲ," ಎಂದ ಕುಕ್ಕಪ್ಪ.

"ನಿಮ್ಮ ಮೇಲೆ ಸಿಟ್ಟಿಲ್ಲವಂತೆ. ದೊಡ್ಡವರು ಹೇಳಿದ್ದು ನಿಜವಾ ಅಂತ ತಿಳೀಲಿಕ್ಕೆ ಗಿಡ ನೋಡಿಕೊಳ್ಳುವವರ ಹತ್ತಿರ ಬಂದದ್ದಂತೆ. ಇನ್ನು ಯಾರ ಹತ್ತಿರ ಕೇಳುದು ಅಂತ ಕೇಳ್ತಾರೆ."

ಕುಕ್ಕಪ್ಪ ಬಗ್ಗಿ, ಅವಳು ಸರಿಮಾಡಿದ ಕಟ್ಟನ್ನೇ ಮತ್ತೊಮ್ಮೆ ಬಿಗಿದ.

ಮೇ ತಿಂಗಳಲ್ಲಿ ಭವಿತಾ ಫೋನ್ ಮಾಡಿದಳು. ಆ ದೇಶ ಸಭೆಯಲ್ಲಿ ನಮ್ಮ ಬದಿಗೆ ನಿಲ್ಲಲಿಲ್ಲ. ನಾವು ಕೊಟ್ಟ ಯಾವ ಅಂಕಿಯನ್ನೂ ತಾವೇ ನೋಡದೆ ಒಪ್ಪುವುದಿಲ್ಲ ಎಂದು ಬರೆದಿದ್ದಾರೆ.

"ಕಾಡಿನದ್ದು ಬಿಡಿ, ನಮ್ಮ ದೇಶ ಕೊಟ್ಟ ಸೋಲಾರ್ ಕರೆಂಟಿನ ಲೆಕ್ಕ ನಿಜವೇ ಕುಕ್ಕಪ್ಪಣ್ಣ. ಅದನ್ನೂ ನಂಬುದಿಲ್ಲವಂತೆ."

"ನಾನು ಹೇಳಿದ್ದಕ್ಕಾ?"

"ನಿಮ್ಮೊಬ್ಬರಿಂದ ಅಲ್ಲ," ಎಂದಳು ಭವಿತಾ. "ನಿಮ್ಮದೂ ಉಂಟು."

ಜೂನಿನಲ್ಲಿ ಕಾಯಂ ಆದೇಶ ಬಂತು. ಎರಡು ಸಾವಿರ ಗಿಡ ಉಳಿಸಿದ ಸೇವೆಯನ್ನು ಪರಿಗಣಿಸಿ ಎಂದು ಅದರಲ್ಲಿತ್ತು. ಕುಮುದಿನಿ ಅದನ್ನು ಎರಡು ಸಲ ಓದಿಸಿಕೊಂಡಳು.

ಮರುವಾರ ಪುತ್ತೂರಿನ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಹೆಂಗಸು, ನಿಮ್ಮ ಯಜಮಾನರಿಗೆ ಎಂತ ಕೆಲಸ ಎಂದು ಕೇಳಿದಳು. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಕುಮುದಿನಿ ಗಂಡನತ್ತ ನೋಡಿ ನಕ್ಕಳು.

"ಗುಡ್ಡೆಯಲ್ಲಿ ಎರಡು ಸಾವಿರ ಗಿಡ ಬೆಳೆಸಿದ್ದಾರೆ ಇವರು. ಹೊರದೇಶದವರು ಬಂದು ನೋಡಿ ಹೋಗಿದ್ದಾರೆ."

ಕುಕ್ಕಪ್ಪ ಇಲ್ಲ ಎನ್ನಲಿಲ್ಲ.