ಶ್ರೇಯಾಂಸಕುಮಾರ ಮಾಸ್ಟ್ರ ಬೆಳಗಿನ ತರಗತಿ

ನಮ್ಮ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದವರು ಅನೇಕರಿದ್ದಾರೆ. ಒಂಬತ್ತನೆಯ ತರಗತಿಯಿಂದಲೇ ಮಕ್ಕಳನ್ನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುವ ಹೊಣೆಯನ್ನು, ಯಾರೂ ಹೇಳದೆ ತಾವಾಗಿ ಹೊತ್ತವರು ಶ್ರೀ ಶ್ರೇಯಾಂಸಕುಮಾರರು. ಹದಿನೈದು ವರ್ಷ ಹೊತ್ತು ದಣಿದ ಅವರು ಈ ಮಾರ್ಚಿನಲ್ಲಿ ಮೂಡಬಿದಿರೆಯಲ್ಲಿ ನಿವೃತ್ತರಾಗುತ್ತಿದ್ದಾರೆ.

೧೯೫೩ರಲ್ಲಿ ಅವರು ಬಂಟ್ವಾಳದಲ್ಲಿದ್ದರು. ಶಾಲೆಗೇ ಮೊದಲಿಗನಾದ ತುಕ್ರಪ್ಪ ಮಂಗಳೂರಿಗೆ ಹೋಗಿ ಪ್ರವೇಶ ಪರೀಕ್ಷೆ ಬರೆದು, ಮರುದಿನ ಶಾಲೆಯ ಜಗಲಿಯಲ್ಲಿ ಬಂದು ನಿಂತ.

"ಲೆಕ್ಕ ಗೊತ್ತಿತ್ತು ಮಾಸ್ಟ್ರೇ. ಇಂಗ್ಲಿಷಿನಲ್ಲಿ ಏನು ಕೇಳಿದ್ದಾರೆಂದು ಗೊತ್ತಾಗಲಿಲ್ಲ."

ಮುಂದಿನ ವಾರ ತುಕ್ರಪ್ಪ ಹಂಚಿನ ಕಾರ್ಖಾನೆಗೆ ಸೇರಿದ. ಜೂನ್ ತಿಂಗಳಲ್ಲಿ, ಶಾಲೆಗೆ ಮೊದಲು ಬೆಳಿಗ್ಗೆ ಏಳು ಗಂಟೆಗೆ, ಲೆಕ್ಕದ ಜತೆ ಇಂಗ್ಲಿಷ್ ಶಬ್ದಗಳನ್ನೂ ಕಲಿಸುವ ಮಾಸ್ಟ್ರ ತರಗತಿ ಸುರುವಾಯಿತು.

ಬೆಳ್ತಂಗಡಿಗೆ ವರ್ಗವಾದ ಮೇಲೆ ಸಂಜೆಯೂ, ಆದಿತ್ಯವಾರವೂ ಪಾಠ ನಡೆಯಿತು. ಇನ್ನೊಬ್ಬ ತುಕ್ರಪ್ಪ ಹಾಗೆ ಬಂದು ನಿಲ್ಲಬಾರದೆಂಬ ಭಯ ಅವರನ್ನು ಕೂರಲು ಬಿಡುತ್ತಿರಲಿಲ್ಲ. ಅವರ ಸ್ವರ ಬಿದ್ದುಹೋಗಿತ್ತು, ಮಕ್ಕಳು ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ನಾಲ್ಕು ಮೈಲು ನಡೆದು ಬರುತ್ತಿದ್ದ ಲೋಲಾಕ್ಷಿ ಒಂದು ದಿನ ಲೆಕ್ಕದ ನಡುವೆಯೇ ಚಾಕ್ ಕೆಳಗಿಟ್ಟಳು.

"ಪರೀಕ್ಷೆಗೆ ಇನ್ನೂ ಎರಡು ವರ್ಷ ಉಂಟು ಮಾಸ್ಟ್ರೇ. ನನಗೆ ಈಗಲೇ ದಣಿದು ಬಚ್ಚಿತು. ನಿಮಗೂ ಬಚ್ಚಿದೆ."

ಮರುದಿನ ಅವಳು ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಮಾಸ್ಟ್ರು ಅವಳ ಮನೆಗೇ ನಡೆದುಹೋದರು. ತಾಯಿ ಸೇಸಮ್ಮ ನೀರು ಬೆಲ್ಲ ತಂದಿಟ್ಟು, "ಸರಿಯಾಗಿ ಉಣ್ಣುವುದಿಲ್ಲ ಮಾಸ್ಟ್ರೇ, ನಿದ್ರೆಯಲ್ಲಿಯೂ ಇಂಗ್ಲಿಷ್ ಶಬ್ದ ಹೇಳ್ತಾಳೆ. ಶಾಲೆಯೇ ಬೇಡವೆಂದು ಕೂತಿದ್ದಾಳೆ" ಎಂದರು.

ಮಾಸ್ಟ್ರು ಲೋಲಾಕ್ಷಿಯ ಕಡೆಗೆ ತಿರುಗಿದರು. "ತಪ್ಪು ನನ್ನದು. ನನ್ನ ಹೆದರಿಕೆಯನ್ನು ಮಕ್ಕಳ ಮೇಲೆ ಹಾಕಿದೆ. ಇನ್ನು ದಿನಕ್ಕೆ ಅರ್ಧ ಗಂಟೆ ಸಾಕು, ಆದಿತ್ಯವಾರ ರಜೆ ಮಾಡುವ. ಬರ್ತೀಯಾ ಮಗಾ?"

ಅವಳು ಬಂದಳು. ಎರಡು ವರ್ಷ, ದಿನಕ್ಕೆ ಒಂದೇ ಲೆಕ್ಕ, ಹತ್ತೇ ಶಬ್ದ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಲೋಲಾಕ್ಷಿಯವರು ಇಂದು ಕಲ್ಲಡ್ಕದಲ್ಲಿ ಗಣಿತದ ಅಧ್ಯಾಪಿಕೆ. ತೇರ್ಗಡೆಯಾಗದವರೂ ಇದ್ದಾರೆ, ಮಾಸ್ಟ್ರು ಹೆಚ್ಚಾಗಿ ವಿಚಾರಿಸುವುದು ಅವರನ್ನೇ.

ಬೀಳ್ಕೊಡುಗೆಯ ದಿನ ಮುಂದೇನು ಮಾಡುತ್ತೀರೆಂದು ಸಹೋದ್ಯೋಗಿಗಳು ಕೇಳಿದಾಗ, "ಮೊದಲು ಸ್ವಲ್ಪ ದಿನ ಮಲಗುತ್ತೇನೆ" ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ.

ಆ ನಿದ್ರೆ ಅವರಿಗೆ ತುಂಬಾ ದೊರೆಯಲಿ. ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ದಣಿವಾರಿದ ಮೇಲೆ, ಮನಸ್ಸಾದರೆ, ಎಷ್ಟು ಗಂಟೆಗಾದರೂ ಬರಲಿ, ಕಲಿಯುವವರು ಕಾದಿರುತ್ತಾರೆ.